ಮುನ್ನೂರ ಹನ್ನೆರಡು ಸೆನ್ಸರುಗಳ ಎಣ್ಣೆ ಅಕ್ಕ

ಬೆಳಗಿನ ಐದೂಮುಕ್ಕಾಲು. ರಟ್ಟಿನ ಪೆಟ್ಟಿಗೆ ತಯಾರಿಸುವ ಕಾರ್ಖಾನೆಯ ಎತ್ತರದ ಕಿಟಕಿಗಳಲ್ಲಿ ಇನ್ನೂ ಬೂದು ಬೆಳಕು. ಮೊದಲ ಪಾಳಿಯವರು ಗೇಟಿನ ಬಳಿ ಸಾಲುಗಟ್ಟಿ ಹಾಜರಿಗೆ ಬೆರಳು ಒತ್ತುತ್ತಿದ್ದಾರೆ. ಒಳಗೆ ಕಬ್ಬಿಣದ ಏಣಿಯ ಹನ್ನೊಂದನೇ ಮೆಟ್ಟಿಲ ಮೇಲೆ ನಿಂತ ಹೆಂಗಸೊಬ್ಬರು ಬೆಂಕಿಪೊಟ್ಟಣದಷ್ಟಗಲದ ಬಿಳಿ ಡಬ್ಬಿಯೊಂದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದಾರೆ. ಕಾಗದದ ಧೂಳು ಜರಡಿ ಹಿಡಿದ ಹಿಟ್ಟಿನಂತೆ ಉದುರುತ್ತಿದೆ. ನಾಲ್ಕು ಸಲ ತಿಕ್ಕಿದ್ದಾರೋ ಇಲ್ಲವೋ, ಅವರ ಜೇಬಿನಲ್ಲಿದ್ದ ಫೋನು ಕಿರುಚಿಕೊಳ್ಳುತ್ತದೆ.

"ನೋಡಿ, ಶುರುವಾಯ್ತು," ಎನ್ನುತ್ತಾರೆ ಅವರು, ನನ್ನ ಕಡೆ ತಿರುಗದೆಯೇ. "ನೂರಾ ಹದಿನೇಳನೇ ಸೆನ್ಸರು. ‘ಅಸಹಜ ಕಂಪನ, ತಕ್ಷಣ ಗಮನಿಸಿ’ ಅಂತ ಬಂದಿರುತ್ತೆ. ಗಮನಿಸ್ತಾನೇ ಇದೀನಲ್ಲಪ್ಪಾ, ನಿನ್ನ ಮೈಯೇ ತೊಳೀತಾ ಇದೀನಿ!"

ಏಣಿಯ ಮೇಲೆ ಫೋನು ಮುಟ್ಟುವಂತಿಲ್ಲ ಎಂಬುದು ಸುರಕ್ಷತಾ ನಿಯಮ. ಎಚ್ಚರಿಕೆ ಬಂದ ಮೂರು ನಿಮಿಷದೊಳಗೆ ಉತ್ತರ ಕೊಡಲೇಬೇಕು ಎಂಬುದು ಇನ್ನೊಂದು ನಿಯಮ. ಹಾಗಾಗಿ ಅವರು ಹನ್ನೊಂದು ಮೆಟ್ಟಿಲು ಇಳಿಯುತ್ತಾರೆ. ಕೈಗವಸು ಕಳಚಿ, ಬೆರಳು ಒರೆಸಿಕೊಂಡು, ಪರದೆಯ ಮೇಲೆ ಎಂಟು ಕಡೆ ಗುರುತು ಹಾಕುತ್ತಾರೆ. ಯಂತ್ರ ಪರಿಶೀಲಿಸಿದಿರಾ? ಹೌದು. ಹೊಗೆ ಇದೆಯೇ? ಇಲ್ಲ. ಯಾರಿಗಾದರೂ ಪೆಟ್ಟಾಗಿದೆಯೇ? ಇಲ್ಲ. ಆಮೇಲೆ ಮತ್ತೆ ಹನ್ನೊಂದು ಮೆಟ್ಟಿಲು ಹತ್ತಿ, ಅರ್ಧ ಉಜ್ಜಿದ ಡಬ್ಬಿಯ ಉಳಿದರ್ಧ ಉಜ್ಜುತ್ತಾರೆ. ಫೋನು ಮತ್ತೆ ಕಿರುಚುತ್ತದೆ.

ಕಾರ್ಖಾನೆಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಎಣ್ಣೆ ಅಕ್ಕ ಎಂದೇ. ವಯಸ್ಸು ಐವತ್ತೊಂದು. ಯಂತ್ರಗಳಿಗೆ ಎಣ್ಣೆ, ಗ್ರೀಸು ಹಾಕುವುದು ಇವರ ಮೂಲ ಕೆಲಸ. ಕೊರಳಲ್ಲಿ ತೂಗುವ ಕಾರ್ಡಿನ ಮೇಲೆ ಮಾತ್ರ ಎರಡು ವರ್ಷದಿಂದ ‘ಯಂತ್ರಸ್ಥಿತಿ ನಿಗಾ ಸಹಾಯಕಿ’ ಎಂದಿದೆ. "ಹೆಸರು ಉದ್ದ ಆಯ್ತು, ಕೆಲಸವೂ ಉದ್ದ ಆಯ್ತು. ಸಂಬಳಕ್ಕೆ ಮಾತ್ರ ಬೆಳೆಯೋ ವಯಸ್ಸು ದಾಟಿದೆ ಅನ್ಸುತ್ತೆ," ಎಂದು ನಗುತ್ತಾರೆ.

ಒಪ್ಪಿಕೊಂಡುಬಿಡುತ್ತೇನೆ: ನಾನು ಈ ಕಾರ್ಖಾನೆಗೆ ಬಂದದ್ದು ಸೆನ್ಸರುಗಳ ಬಗ್ಗೆ ಬರೆಯಲು, ಇವರಿಗಾಗಿ ಅಲ್ಲವೇ ಅಲ್ಲ. ಸ್ವಾಗತ ಕೋಣೆಯ ಗೋಡೆಯಲ್ಲೊಂದು ದೊಡ್ಡ ಟೀವಿ ಇದೆ. ಅದರ ತುಂಬ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಸೆನ್ಸರು. ಯಂತ್ರಗಳ ಮೈಗೆ ಅಂಟಿಸಿದ ಈ ಪುಟ್ಟ ಡಬ್ಬಿಗಳು ನಡುಕವನ್ನೂ ಬಿಸಿಯನ್ನೂ ಹಗಲಿರುಳು ಅಳೆದು ಗಾಳಿಯಲ್ಲೇ ಕಳಿಸುತ್ತವೆ. ಚಾವಣಿಯ ಹದಿನಾಲ್ಕು ಪೆಟ್ಟಿಗೆಗಳು ಅದನ್ನು ಹಿಡಿದು ಇಂಟರ್ನೆಟ್ಟಿಗೆ ದಾಟಿಸುತ್ತವೆ. ಎಲ್ಲೋ ದೂರದ ಕಂಪ್ಯೂಟರೊಂದು ಲೆಕ್ಕ ಹಾಕಿ, ‘ಈ ಬೇರಿಂಗು ಇನ್ನು ಮೂರು ವಾರಕ್ಕೆ ಹೋಗುತ್ತದೆ’ ಎಂದು ಮೊದಲೇ ಹೇಳುತ್ತದೆ. ಕೆಟ್ಟ ಮೇಲೆ ಬಿಚ್ಚುವ ಕಾಲ ಹೋಯಿತು, ಕೆಡುವ ಮೊದಲೇ ತಿಳಿಯುವ ಕಾಲ ಬಂತು ಎಂದರು ನನ್ನನ್ನು ಸುತ್ತಾಡಿಸಿದ ಅಧಿಕಾರಿ. ಚೆನ್ನಾಗಿಯೇ ಹೇಳಿದರು. "ಇವುಗಳ ಬ್ಯಾಟರಿ ಯಾರು ಬದಲಾಯಿಸುತ್ತಾರೆ?" ಎಂದು ಸುಮ್ಮನೆ ಕೇಳಿದೆ. ಅವರು ಪಕ್ಕದವರನ್ನು ನೋಡಿದರು. ಪಕ್ಕದವರು ತಮ್ಮ ಪಕ್ಕದವರನ್ನು ನೋಡಿದರು. ಕೊನೆಗೆ ನೀರಿನ ಕ್ಯಾನು ಹೊತ್ತು ಬಂದವರೊಬ್ಬರು ಹೇಳಿದರು: "ಎಣ್ಣೆ ಅಕ್ಕ ಅಲ್ವಾ, ಇನ್ಯಾರು?"

ಬ್ಯಾಟರಿ ಐದು ವರ್ಷ ಬಾಳುತ್ತದೆ ಎಂದು ಡಬ್ಬಿಯ ಮೇಲೆ ಅಚ್ಚಾಗಿದೆ. ಕಾಗದ ಬಿಸಿಮಾಡುವ ಹಬೆಯ ಕಾವಿನಲ್ಲಿ ಅದು ಐದು ತಿಂಗಳು ಬಾಳಿದರೆ ಹೆಚ್ಚು. ಮುನ್ನೂರ ಹನ್ನೆರಡು ಸೆನ್ಸರಿಗೆ ದಿನಕ್ಕೆ ಎರಡೋ ಮೂರೋ ಬ್ಯಾಟರಿ ಬದಲಾಗುತ್ತವೆ. ಇಪ್ಪತ್ತೊಂಬತ್ತು ಏಣಿ, ದಿನಕ್ಕೆ ಹತ್ತಿಳಿಯುವುದು ಸಾವಿರದ ನೂರ ನಲವತ್ತು ಮೆಟ್ಟಿಲು. ಇದನ್ನು ಅವರು ಒಂದು ದಿನ ಹಟಕ್ಕೆ ಬಿದ್ದು ಎಣಿಸಿದ್ದಂತೆ. ಮೊದಲ ವರ್ಷ ದಿನಕ್ಕೆ ಅರವತ್ತು ಎಚ್ಚರಿಕೆ ಬರುತ್ತಿದ್ದವು. ನಿಜವಾದದ್ದು ಹದಿನೈದು ದಿನಕ್ಕೊಂದು. ಯಾರಾದರೂ ಗಾಡಿ ತಳ್ಳಿಕೊಂಡು ಹೋದರೆ ಎಚ್ಚರಿಕೆ, ಬಾಗಿಲು ಧಡಾರೆಂದರೆ ಎಚ್ಚರಿಕೆ, ಮೇಲಿನಿಂದ ಅಂಟು ತೊಟ್ಟಿಕ್ಕಿದರೆ ಎಚ್ಚರಿಕೆ. ರಜೆಯ ದಿನವೂ ಬಿಡುವಿಲ್ಲ. ಯಂತ್ರ ನಿಂತಿದ್ದರೆ ‘ಕಂಪನವೇ ಇಲ್ಲ, ಗಂಭೀರ’ ಎಂದು ಬರುತ್ತದೆ.

"ಮನೇಲಿ ಸ್ನಾನಕ್ಕೆ ಹೋದಾಗ್ಲೂ ಬಡ್ಕೊಳ್ಳುತ್ತೆ," ಎನ್ನುತ್ತಾರೆ. "ತೊಟ್ಟಿಲ ಕೂಸಿಗಿಂತ ಕಡೆ. ಕೂಸಾದ್ರೆ ಎತ್ಕೊಂಡ್ರೆ ಸುಮ್ನಾಗುತ್ತೆ, ಇದು ಮುಟ್ಟಿದ್ರೆ ಇನ್ನೂ ಜೋರು."

ಲಾಂಡ್ರಿಯೊಂದರ ಮೇಲಿನ ಎರಡು ಕೋಣೆ ಅವರ ಮನೆ. ಅಲ್ಲಿ ಅವರು, ಶಾಲೆಯ ವ್ಯಾನು ಓಡಿಸುವ ಗಂಡ, ಎಂಬತ್ತೆರಡರ ಅತ್ತೆ. ಕೆಳಗಿನ ತೊಳೆಯುವ ಯಂತ್ರಗಳು ತಿರುಗುವಾಗ ನೆಲ ಸಣ್ಣಗೆ ನಡುಗುತ್ತದೆ. ನಾನು ಹೋದ ದಿನ ಎಣ್ಣೆ ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದವರೇ ನಿಂತು, "ಎರಡನೇ ಮೆಷಿನ್ನಿನ ಕಾಲು ಸಡಿಲ ಆಗಿದೆ, ಕೆಳಗೆ ಹೇಳ್ಬೇಕು," ಎಂದರು. ಅತ್ತೆ ನನ್ನತ್ತ ನೋಡಿ ತಲೆ ಕೊಡವಿದರು. "ನೆಲದ ನೋವು ಗೊತ್ತಾಗುತ್ತೆ ಇವಳಿಗೆ. ನನ್ನ ಮಂಡಿ ನೋವು ಮಾತ್ರ ಕೂಗಿ ಹೇಳ್ಬೇಕು. ಆ ಡಬ್ಬಿ ನನಗೂ ಒಂದು ಅಂಟಿಸೇ ಅಂದೆ. ನಿನ್ನ ಗಂಡನಿಗಂತೂ ಎರಡು ಅಂಟಿಸು, ಸಂಜೆ ಎಲ್ಲಿ ಹೋಗ್ತಾನೋ ತಿಳೀಲಿ ಅಂದೆ." ಮಗ ಒಳಕೋಣೆಯಿಂದಲೇ ಕೆಮ್ಮಿದರು.

ಇಪ್ಪತ್ತನಾಲ್ಕು ವರ್ಷದ ಹಿಂದೆ ಎಣ್ಣೆ ಅಕ್ಕ ಈ ಕಾರ್ಖಾನೆಗೆ ಸೇರಿದ್ದು ಕಾಗದದ ಚೂರು ಗುಡಿಸಲು. ಒಂದು ದಿನ ಗುಡಿಸುತ್ತ, "ಈ ಮೂಲೇಲಿ ನೆಲ ಬೇರೆ ಥರ ಜುಮ್ಮನ್ನುತ್ತೆ," ಎಂದು ಯಾರಿಗೋ ಹೇಳಿದರಂತೆ. ಆಗ ಎಣ್ಣೆ ಹಾಕುತ್ತಿದ್ದ ಮುದುಕರೊಬ್ಬರು ಅದನ್ನು ಕೇಳಿಸಿಕೊಂಡು ಅವರನ್ನು ಪಕ್ಕಕ್ಕೆ ಕರೆದರು. ನಾಲ್ಕು ವರ್ಷ ಅವರ ಹಿಂದೆಯೇ ಸುತ್ತಿ ಕಲಿತದ್ದು. ಗ್ರೀಸು ಒಣಗುವಾಗಿನ ವಾಸನೆ, ಸುಡುವಾಗಿನ ವಾಸನೆ. ಅಂಗೈ ಇಟ್ಟರೆ ಹತ್ತು ಎಣಿಸುವ ತನಕ ತಡೆಯಬಹುದೋ, ಐದಕ್ಕೇ ತೆಗೆಯಬೇಕೋ. ಮುದುಕರು ನಿವೃತ್ತರಾದಾಗ ಕಂಪನಿ ಹೆಂಗಸಿಗೆ ಆ ಹುದ್ದೆ ಕೊಡಲು ಒಪ್ಪಲಿಲ್ಲ. ಎರಡು ವರ್ಷ ಕೆಲಸ ಇವರದು, ಹಾಜರಿ ಪುಸ್ತಕದಲ್ಲಿ ‘ಗುಡಿಸುವವರು’. ಯಂತ್ರಗಳ ಈ ಸದ್ದಿನಲ್ಲೇ ಎಡಗಿವಿ ಹೋಯಿತು. ಬಲಗಿವಿಯದ್ದೂ ಅರ್ಧ ಎಂದಿದ್ದಾರೆ ಡಾಕ್ಟರು. "ನಾನು ಕಿವಿಯಿಂದ ಕೇಳೋದು ಬಿಟ್ಟು ಬಹಳ ದಿನ ಆಯ್ತು," ಎಂದು ಅಂಗೈ ತೋರಿಸುತ್ತಾರೆ. ನಡುವೆ ನಯವಾಗಿ, ಅಂಚಿನಲ್ಲಿ ಒರಟಾಗಿ, ಅಲ್ಲಲ್ಲಿ ಹಳೆಯ ಸುಟ್ಟ ಕಲೆಗಳಿರುವ ಅಂಗೈ.

ಇಷ್ಟು ಕೇಳಿದವರು ಇವರಿಗೆ ಸೆನ್ಸರೆಂದರೆ ಆಗದು ಎಂದುಕೊಂಡಾರು. ಹಾಗೇನಿಲ್ಲ. ನೆಲಮಾಳಿಗೆಯ ನೀರಿನ ಪಂಪಿನ ಕಥೆಯನ್ನು ನಾನು ಕೇಳದೆಯೇ ಹೇಳಿದರು. ‘ಒಂಬತ್ತು ದಿನದಲ್ಲಿ ಬೇರಿಂಗು ಹೋಗುತ್ತದೆ’ ಎಂದು ಎಚ್ಚರಿಕೆ ಬಂದಿತ್ತು. ಇವರು ಕೈಯಿಟ್ಟು ನೋಡಿದರು. ಏನೂ ಗೊತ್ತಾಗಲಿಲ್ಲ. ಇದೂ ಸುಳ್ಳೇ ಎಂದುಕೊಂಡು, ಆದರೂ ಮನಸ್ಸು ತಡೆಯದೆ ಬಿಚ್ಚಿಸಿದರು. ಒಳಗಿನ ಉಕ್ಕಿನ ಉಂಗುರದಲ್ಲಿ ಕೂದಲೆಳೆಯಷ್ಟು ಬಿರುಕು. "ಅದು ಹೇಳಿದ್ದು ನಿಜ, ನನಗೆ ತಿಳೀಲಿಲ್ಲ. ಮುಚ್ಚುಮರೆ ಏನು? ಸರಿಯಾದ ಜಾಗದಲ್ಲಿ ಕೂರ್ಸಿದ್ರೆ ಅದರಷ್ಟು ಚುರುಕು ನಾನಿಲ್ಲ. ನನ್ನ ಜಗಳ ಕೂರ್ಸಿದವರ ಜೊತೆ."

ಕೂರಿಸಿದವರಿಗೆ ಕೊಟ್ಟಿದ್ದ ಸಮಯ ನಾಲ್ಕೇ ದಿನ. ಮುನ್ನೂರ ಹನ್ನೆರಡು ಡಬ್ಬಿ ಅಂಟಿಸಿ, ಒಂದೊಂದರ ಫೋಟೊ ಹಿಡಿದು ಹೋಗಬೇಕಿತ್ತು. ಕಾರ್ಖಾನೆಯ ಜೀವಾಳವೆಂದರೆ ಅಲೆ ರೋಲರು. ಸಪಾಟಾದ ಕಾಗದವನ್ನು ಬಿಸಿಯಲ್ಲಿ ಒತ್ತಿ ಅಲೆ ಅಲೆಯಾಗಿ ಮಡಿಸುವ ಮೂರು ಟನ್ ತೂಕದ ಹಲ್ಲಿನ ಉರುಳೆ ಅದು. ಅದರ ಗೋಡೆ ಕಡೆಯ ಬೇರಿಂಗಿಗೆ ತಲುಪಲು ಒಂದಡಿ ಸಂದಿನಲ್ಲಿ ಅಡ್ಡಡ್ಡ ತೂರಬೇಕು. ಅವರು ತೂರಲಿಲ್ಲ. ಕೈಗೆ ಸಿಕ್ಕ ತಗಡಿನ ಮುಚ್ಚಳದ ಮೇಲೆ ಇನ್ನೂರ ನಾಲ್ಕನೇ ಸೆನ್ಸರು ಅಂಟಿಸಿ, ಫೋಟೊ ಹಿಡಿದು ಹೊರಟರು. ಜ್ವರ ನೋಡಲು ಬಂದವರು ಹೊದಿಕೆ ಮುಟ್ಟಿ ಎದ್ದು ಹೋದ ಹಾಗಾಯಿತು.

ಎಣ್ಣೆ ಅಕ್ಕ ಅದನ್ನು ಮೊದಲ ವಾರವೇ ಮೇಲ್ವಿಚಾರಕರಿಗೆ ಹೇಳಿದರು. "ಆ್ಯಪಲ್ಲಿ ಹಾಕಿ," ಎಂದರು ಅವರು. ಆ್ಯಪಿನಲ್ಲಿ ದೂರಿಗೆ ನಾಲ್ಕೇ ದಾರಿ: ಬ್ಯಾಟರಿ ಮುಗಿದಿದೆ, ಧೂಳು ಕೂತಿದೆ, ನೆಟ್‌ವರ್ಕ್ ಸಿಗುತ್ತಿಲ್ಲ, ಸೆನ್ಸರು ಬಿದ್ದಿದೆ. ತಪ್ಪು ಜಾಗದಲ್ಲಿದೆ ಎನ್ನಲು ದಾರಿಯೇ ಇಲ್ಲ. ಇದ್ದುದರಲ್ಲಿ ಹತ್ತಿರವೆಂದು ‘ಬಿದ್ದಿದೆ’ ಒತ್ತಿದರು. ಒಂದು ನಿಮಿಷದಲ್ಲಿ ಉತ್ತರ: ‘ಸೆನ್ಸರು ಬಿದ್ದಿಲ್ಲ. ದೂರು ಮುಕ್ತಾಯವಾಗಿದೆ. ಧನ್ಯವಾದ.’

"ಆರು ಸಲ ಹಾಕ್ದೆ. ಆರು ಸಲವೂ ಧನ್ಯವಾದ! ಬೈದಿದ್ರೂ ಸಮಾಧಾನ ಆಗ್ತಿತ್ತು. ಏಳನೇ ಸಲ ರೇಗಿ ಹೋಯ್ತು. ಬಿದ್ದಿಲ್ಲ ಅಂತೀಯಾ, ತಗೋ ಅಂತ ಕಿತ್ತು ಕೆಳಗಿಟ್ಟು ಹಾಕ್ದೆ. ಮಾರನೇ ದಿನ ಒಬ್ರು ಬಂದ್ರು. ನಾನು ಎಣ್ಣೆ ಡಬ್ಬಿ ಇಟ್ಟು ಓಡಿ ಬರೋದ್ರೊಳಗೆ, ಫೋಟೊ ನೋಡ್ಕೊಂಡು ಅದೇ ತಗಡಿನ ಮೇಲೆ, ಅದೇ ಜಾಗಕ್ಕೆ ಅಂಟಿಸಿ ಹೋಗಿದ್ರು. ಈ ಸಲ ಇನ್ನೂ ಗಟ್ಟಿ ಅಂಟು."

ಎಂಟು ತಿಂಗಳ ಹಿಂದಿನ ಒಂದು ಮಂಗಳವಾರ, ಬೆಳಗಿನ ಹತ್ತೂವರೆಗೆ, ಅವರು ಅಲೆ ರೋಲರಿನ ಹತ್ತಿರ ಹಾದು ಹೋಗುವಾಗ ಇಸ್ತ್ರಿ ಪೆಟ್ಟಿಗೆ ಬಟ್ಟೆಗೆ ಹತ್ತಿದಂಥ ವಾಸನೆ ಮೂಗಿಗೆ ಬಡಿಯಿತು. ಸಂದಿಗೆ ತೂರಿದರು. ಬೇರಿಂಗಿನ ಚೌಕಟ್ಟಿಗೆ ಅಂಗೈ ಇಟ್ಟರು. ಒಂದು ಎಣಿಸುವಷ್ಟರಲ್ಲಿ ಕೈ ಹಿಂದೆ ಬಂತು. ಆ ಒಂದು ಕ್ಷಣದಲ್ಲಿ ತಿಳಿದ ನಡುಕ ಬೇರೆಯೇ ಇತ್ತು. "ಕಲ್ಲು ಅಗೀತಿರೋ ಹಾಗೆ," ಎನ್ನುತ್ತಾರೆ. ರೋಲರಿನ ಮುಂದೆ, ಮೂರು ಹೆಜ್ಜೆ ದೂರದಲ್ಲಿ, ಹೊಸ ಕಾಗದದ ಸುರುಳಿ ಜೋಡಿಸುವ ಇಬ್ಬರು ಎಂದಿನಂತೆ ಬಗ್ಗಿ ಕೆಲಸ ಮಾಡುತ್ತಿದ್ದರು. ಬೇರಿಂಗು ಕಚ್ಚಿಕೊಂಡು ರೋಲರು ತಿರುಗಿಸುವ ಉಕ್ಕಿನ ದಂಡ ಮುರಿದರೆ ಆ ತಗಡು, ಆ ಉಕ್ಕು ಎಲ್ಲ ಹಾರುವುದು ಅವರ ಕಡೆಗೇ.

ಮೆಂಟೆನೆನ್ಸ್ ಮ್ಯಾನೇಜರಿಗೆ ಫೋನು ಮಾಡಿದರು. ಮ್ಯಾನೇಜರು ಪರದೆ ನೋಡಿದರು. "ಇನ್ನೂರ ನಾಲ್ಕು ಹಸಿರಿದೆಯಲ್ಲಮ್ಮ. ಆರೋಗ್ಯ ಶೇಕಡಾ ತೊಂಬತ್ತಾರು ಅಂತಿದೆ."

"ಸಾರ್, ಕೈ ಇಡೋಕೆ ಆಗ್ತಿಲ್ಲ."

"ಕೈ ಇಡಬಾರ್ದು ಅಂತ ಎಷ್ಟು ಸಲ ಹೇಳಿದೀನಿ? ನಿಮ್ಮ ಸುರಕ್ಷತೆಗೇ ಅಲ್ವಾ ಅಷ್ಟೆಲ್ಲ ಹಾಕ್ಸಿರೋದು? ಇವತ್ತು ಸಂಜೆ ಲೋಡು ಹೋಗ್ಬೇಕು. ಆಮೇಲೆ ನೋಡೋಣ."

ಅವರು ಫೋನು ಜೇಬಿಗಿಟ್ಟರು. ಕಂಬದ ಮೇಲಿನ ಕೆಂಪು ಗುಂಡಿಯನ್ನು ಮುಷ್ಟಿಯಿಂದ ಗುದ್ದಿದರು. ಯಂತ್ರಗಳ ಇಡೀ ಸಾಲು ಕಿರುಗುಟ್ಟುತ್ತ ನಿಂತಿತು. ಒಳಗಿದ್ದ ಆರುನೂರು ಮೀಟರು ಕಾಗದ ಬಿಸಿಗೆ ಸಿಕ್ಕು ಸೀದು ಹೋಯಿತು.

ಬಿಚ್ಚಿ ನೋಡಬೇಕೆಂದರೆ ರೋಲರು ತಣಿಯಬೇಕು. ಅದಕ್ಕೆ ಮೂರು ಗಂಟೆ. "ಆ ಮೂರು ಗಂಟೆ ಕೇಳ್ಬೇಡಿ," ಎನ್ನುತ್ತಾರೆ ಎಣ್ಣೆ ಅಕ್ಕ. "ಯಾರೂ ಮಾತಾಡಿಸ್ಲಿಲ್ಲ. ಲೋಡಿನವರು ಬಂದು ಬಂದು ನನ್ನ ಮುಖ ನೋಡಿ ಹೋಗೋರು. ಒಂದು ಗಂಟೆ ಆದ್ಮೇಲೆ ನನಗೇ ಅನುಮಾನ ಶುರುವಾಯ್ತು. ತೊಂಬತ್ತಾರು ಅಂತ ಇದೆ, ಅಷ್ಟು ಓದಿದವರು ಮಾಡಿರೋದು, ನನ್ನ ಕೈಗೇ ವಯಸ್ಸಾಯ್ತೇನೋ ಅಂತ. ಒಂದು ಕಿವಿ ಹೋಯ್ತು, ಇನ್ನು ಇದೂ ಹೋಯ್ತಾ ಅಂತ." ಎರಡನೇ ಗಂಟೆಗೆ ಆಫೀಸಿನಿಂದ ಲಕೋಟೆ ಬಂತು. ಅನುಮತಿಯಿಲ್ಲದೆ ಯಂತ್ರ ನಿಲ್ಲಿಸಿದ್ದಕ್ಕೆ ಮೆಮೊ. ಮೂರು ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿಸಿಕೊಂಡರು. ಸಾಕ್ಷಿ ಹಾಕಿದವರು ಕಾಗದದ ಸುರುಳಿ ಜೋಡಿಸುವ ಅದೇ ಇಬ್ಬರು.

ಒಂದೂಮುಕ್ಕಾಲಿಗೆ ಮುಚ್ಚಳ ತೆಗೆದರು. ಬೇರಿಂಗಿನ ಒಳಗೆ ಗುಂಡುಗಳನ್ನು ಹಿಡಿದಿಡುವ ಪಂಜರ ಪುಡಿಯಾಗಿತ್ತು. ಉಕ್ಕಿನ ಗುಂಡುಗಳು ಕಾದು ನೀಲಿ ತಿರುಗಿದ್ದವು. ದಂಡದ ಮೇಲೆ ಉಗುರು ಕೂರುವಷ್ಟು ಆಳದ ಗೀರು. ಬಿಚ್ಚಿದ ಫಿಟ್ಟರು ತಲೆಯೆತ್ತಿ, "ಇದು ಊಟದ ಬೆಲ್ ತನಕ ತಡೀತಿರ್ಲಿಲ್ಲ," ಎಂದರು. ಸುರುಳಿ ಜೋಡಿಸುವವರಲ್ಲಿ ಒಬ್ಬರು ಅಲ್ಲಿಂದ ತಾವು ನಿಲ್ಲುವ ಜಾಗದವರೆಗೆ ಹೆಜ್ಜೆ ಎಣಿಸಿದರು.

ತಗಡಿನ ಮೇಲಿನ ಇನ್ನೂರ ನಾಲ್ಕು ಆಗಲೂ ಹಸಿರಾಗಿಯೇ ಇತ್ತು.

ಇಲ್ಲಿಗೆ ಕಥೆ ಮುಗಿದು, ಯಾರಾದರೂ ಬಂದು ಕೈ ಕುಲುಕಿ, ಮೆಮೊ ಹರಿದು ಹಾಕಬೇಕಿತ್ತು. ಆದದ್ದು ಬೇರೆ. ಮೂರನೇ ದಿನ ಎಣ್ಣೆ ಅಕ್ಕ ಲಿಖಿತ ಉತ್ತರ ಕೊಟ್ಟರು. ಅದು ಎರಡೇ ಪದ: ‘ಬೇರಿಂಗ್ ನೋಡಿ.’ ಉತ್ತರ ನಿಗದಿತ ನಮೂನೆಯಲ್ಲಿಲ್ಲ ಎಂದು ವಾಪಸ್ಸು ಬಂತು. ತಿಂಗಳ ಕೊನೆಯ ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು ಇತ್ತು: ‘ಮುನ್ಸೂಚನಾ ವ್ಯವಸ್ಥೆಯ ನೆರವಿನಿಂದ ತಪ್ಪಿದ ದೊಡ್ಡ ಅವಘಡ: ಒಂದು.’ ಸ್ವಾಗತ ಕೋಣೆಯಲ್ಲಿ ಆ ವರದಿಯನ್ನು ನಾನೂ ತಿರುವಿ ಹಾಕಿದ್ದೆ, ಒಂದು ಬಿಸ್ಕತ್ತು ತಿನ್ನುತ್ತ.

ಇದನ್ನು ಮ್ಯಾನೇಜರ ಮುಂದಿಟ್ಟೆ. ಕೆಟ್ಟವರಲ್ಲ ಅವರು, ಸುಸ್ತಾದವರು. ಮೇಜಿನ ಮೇಲೆ ಎರಡು ಪರದೆ, ಕೈಯಲ್ಲಿ ಮೂರನೆಯದು. "ನನ್ನ ಕಷ್ಟ ನನಗೆ," ಎಂದರು. "ಮೇಲಿನವರು ಕೇಳೋದು ಪರದೆ ಮೇಲೆ ಏನಿತ್ತು ಅಂತ. ಹಸಿರಿದ್ದಾಗ ನಿಲ್ಸಿದ್ವಿ ಅಂದ್ರೆ ಇಷ್ಟು ಖರ್ಚು ಮಾಡಿ ಯಾಕೆ ಹಾಕ್ಸಿದ್ರಿ ಅಂತಾರೆ. ವರದಿ ತಯಾರಿಸೋದೂ ಕಂಪ್ಯೂಟರ್ರೇ. ಬೇರಿಂಗ್ ಬದಲಾಯ್ತು, ಅಪಘಾತ ಆಗ್ಲಿಲ್ಲ ಅಂದ್ರೆ ತನ್ನ ಲೆಕ್ಕಕ್ಕೆ ತಾನೇ ಬರ್ಕೊಳ್ಳುತ್ತೆ." ಹಾಗಾದರೆ ತಿದ್ದಬಹುದಲ್ಲ ಎಂದೆ. ತಿದ್ದಲು ಯಾರಿಗೆ ಬರೆಯಬೇಕೆಂದು ಅವರಿಗೂ ತಿಳಿದಿರಲಿಲ್ಲ.

ಆದರೂ ಒಂದು ಒಳ್ಳೆಯದಾಯಿತು. ಅವಘಡ ತಪ್ಪಿದ ಸುದ್ದಿ ಕೇಳಿ, ಅದರ ಬಗ್ಗೆ ಹೆಮ್ಮೆಯಿಂದ ಬರೆದುಕೊಳ್ಳಲು, ಸೆನ್ಸರು ಕಂಪನಿಯ ಎಂಜಿನಿಯರಮ್ಮ ಬಂದರು. ಮೂವತ್ತರ ಒಳಗಿನವರು, ಬೆನ್ನಿಗೆ ದೊಡ್ಡ ಬ್ಯಾಗು. ಎಣ್ಣೆ ಅಕ್ಕ ಅವರನ್ನು ಒಂದಡಿ ಸಂದಿನ ಮುಂದೆ ತಂದು ನಿಲ್ಲಿಸಿದರು. ಬ್ಯಾಗು ಹಿಡಿಸಲಿಲ್ಲ. ಬ್ಯಾಗು ಕಳಚಿ ಒಳಗೆ ತೂರಿದ ಎಂಜಿನಿಯರಮ್ಮ, ತಗಡಿನ ಮೇಲೆ ಅಂಟಿಕೊಂಡಿದ್ದ ತಮ್ಮ ಡಬ್ಬಿಯನ್ನೂ ಅದರಾಚೆ ಅರ್ಧ ಗೇಣು ಗಾಳಿ ಬಿಟ್ಟು ಕೂತಿದ್ದ ಬೇರಿಂಗನ್ನೂ ನೋಡಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರಂತೆ. "ಇದು ನಮಗೆ ಯಾರೂ ಹೇಳ್ಲೇ ಇಲ್ಲ," ಎಂದರಂತೆ.

"ಆರು ಸಲ ಹೇಳಿದೀನಿ ತಾಯಿ, ಆರು ಸಲ ಧನ್ಯವಾದ ಹೇಳಿದೀರಿ," ಎಂದರು ಇವರು.

ಒಂದು ದಿನಕ್ಕೆಂದು ಬಂದವರು ನಾಲ್ಕು ದಿನ ಉಳಿದರು. ಮುಂದೆ ಮುಂದೆ ಎಣ್ಣೆ ಅಕ್ಕ, ಕೈಯಲ್ಲಿ ಸೀಮೆಸುಣ್ಣ. ಹಿಂದೆ ಎಂಜಿನಿಯರಮ್ಮ. ಎಲ್ಲಿ ಸುಣ್ಣದ ಗುರುತು ಬಿತ್ತೋ ಅಲ್ಲಿಗೆ ಸೆನ್ಸರು. ನಲವತ್ತೊಂದು ಡಬ್ಬಿಗಳು ಜಾಗ ಬದಲಿಸಿದವು. ಅರವತ್ತಿದ್ದ ಎಚ್ಚರಿಕೆಗಳು ಈಗ ದಿನಕ್ಕೆ ಹತ್ತು ಹನ್ನೆರಡಕ್ಕೆ ಇಳಿದಿವೆ. ಆ್ಯಪಿನಲ್ಲಿ ‘ತಪ್ಪು ಜಾಗ’ ಎಂಬ ಐದನೇ ದಾರಿ ಬಂದಿದೆ. ಇನ್ನೂರ ನಾಲ್ಕು ಈಗ ಬೇರಿಂಗಿನ ಮೈಮೇಲೇ ಕೂತಿದೆ. ಉಜ್ಜಿದರೆ ಕಿರುಚುವುದಕ್ಕೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ. ಅದು ಮುಂದಿನ ಆವೃತ್ತಿಯಲ್ಲಂತೆ. "ಮುಂದಿನ ಆವೃತ್ತಿ ಬರೋದ್ರೊಳಗೆ ನಾನೇ ಹಳೇ ಆವೃತ್ತಿ ಆಗಿರ್ತೀನಿ," ಎನ್ನುತ್ತಾರೆ. ನಿವೃತ್ತಿಗೆ ಇನ್ನು ಏಳು ವರ್ಷವಿದೆ.

ಪಾಳಿ ಮುಗಿಯುವ ಹೊತ್ತು. ಕೈ ತೊಳೆಯುವ ತೊಟ್ಟಿಯ ಬಳಿ ಅವರು ಮೊಣಕೈವರೆಗೆ ಸೋಪು ಹಚ್ಚಿ ಗ್ರೀಸು ತೆಗೆಯುತ್ತಿದ್ದಾರೆ. ಮೆಮೊ ಏನಾಯಿತು ಎಂದು ಕೇಳುತ್ತೇನೆ. ಹಾಗೇ ಇದೆಯಂತೆ ಫೈಲಿನಲ್ಲಿ. ಮೊನ್ನೆ ಮ್ಯಾನೇಜರೇ ಕರೆದು, ಒಂದು ಅರ್ಜಿ ಬರೆದುಕೊಡಿ, ಹೇಗಾದರೂ ಮಾಡಿ ತೆಗೆಸುತ್ತೇನೆ ಎಂದರಂತೆ. ಬರೆದಿರಾ?

"ಇಲ್ಲ, ಬೇಡ ಅಂದೆ." ನಲ್ಲಿ ನಿಲ್ಲಿಸಿ, ಒದ್ದೆ ಕೈ ಕೊಡವುತ್ತಾರೆ. "ಈ ಫ್ಯಾಕ್ಟರೀಲಿ ದಿನಾ ಇಷ್ಟು ಟನ್ ಕಾಗದ ಹೋಗುತ್ತೆ. ಅವತ್ತು ಮೆಷಿನ್ ನಿಲ್ಸಿದ್ದು ನಾನು ಅಂತ ಬರೆದಿರೋದು ಅದೊಂದೇ ಹಾಳೇಲಿ. ಇರ್ಲಿ ಬಿಡಿ, ಅದು ಅಲ್ಲೇ ಇರ್ಲಿ."